ನಾಲ್ಕನೇ ಡಬ್ಬಿ

ರಾಯಚರ್ಲಿನ ಹೊಲಗಳಲ್ಲಿ ಸೋಲಾರ್ ಫಲಕಗಳು ಎದ್ದ ಮೇಲೆ ಕರಿಯಕ್ಕನಿಗೆ ತನ್ನ ಮುಖ ಪದೇ ಪದೇ ಕಾಣತೊಡಗಿತು. ಮೊದಲಾದರೆ ಅವಳು ಕನ್ನಡಿ ನೋಡುತ್ತಿದ್ದುದು ಕುಂಕುಮ ಇಡುವಷ್ಟು ಹೊತ್ತು ಮಾತ್ರ. ಈಗ ಬೆಳಿಗ್ಗೆ ಆರಕ್ಕೆ ಫಲಕ ಒರೆಸಲು ನಿಂತರೆ, ನೀರು ಹೊಯ್ದು ಬಟ್ಟೆ ಎಳೆದ ಕಡೆಯಲ್ಲೆಲ್ಲ ಅದೇ ಮುಖ, ಎರಡು ಕೆನ್ನೆಯ ಮೇಲೂ ಅದೇ ಬಂಗು. ಮಗಳು ಸ್ನೇಹಲತಾ ಹುಟ್ಟಿದ ವರ್ಷ ಎದ್ದ ಆ ಕಂದು ಕಲೆಗೆ ಹದಿನೇಳು ವರ್ಷವಾಗಿತ್ತು. ಗಾಜು ಬರುವವರೆಗೆ ಅದು ಅವಳನ್ನು ಕಾಡಿರಲಿಲ್ಲ.

ಮೇಲ್ವಿಚಾರಕ ಚಿರಂಜೀವಿಗೆ ಆ ಗಾಜೆಂದರೆ ಪ್ರಾಣ. ಹೊಸಬರು ಯಾರಾದರೂ ಸೋಪಿನ ಪುಡಿ ತಂದರೆ ದೂರದಿಂದಲೇ ಕೂಗುತ್ತಿದ್ದ. "ಏಮ್ಮಾ, ಅದೇನು ಪಾತ್ರೆ ಅಂದ್ಕೊಂಡ್ಯಾ? ಬರೀ ನೀರು, ಮೆತ್ತನೆ ಬಟ್ಟೆ. ಗೀರು ಬಿದ್ರೆ ಮತ್ತೆ ಹೋಗಾಕಿಲ್ಲ!"

ಫೋನಿನಲ್ಲಿ ಬಂದ ಜಾಹೀರಾತು ನೋಡಿ ಕರಿಯಕ್ಕ ಮಗಳ ಕೈಯಲ್ಲೇ ಆರ್ಡರ್ ಹಾಕಿಸಿದಳು. ಎರಡು ಸಾವಿರ ರೂಪಾಯಿಯ ಕಿಟ್. ಒಳಗೆ ನಾಲ್ಕು ಡಬ್ಬಿ: ಮುಖ ತೊಳೆಯಲು ಒಂದು, ಸೀರಮ್ ಎಂದು ಒಂದು, ಹಗಲಿಗೊಂದು, ರಾತ್ರಿಗೊಂದು. ಮೂರಕ್ಕೆ ಚಿನ್ನದ ಬಣ್ಣದ ಮುಚ್ಚಳ, ಮೈತುಂಬ ಬರಹ. ನಾಲ್ಕನೆಯದು ಬೋಳು ಬಿಳಿ ಡಬ್ಬಿ. 'ನೈಟ್' ಎಂಬ ಒಂದು ಪದ ಬಿಟ್ಟರೆ ಅದರ ಮೇಲೆ ಏನೂ ಇರಲಿಲ್ಲ.

ದಣಿದು ಬಂದು ಉಂಡು ಮಲಗುವವಳಿಗೆ ರಾತ್ರಿಯ ಡಬ್ಬಿ ನೆನಪಾಗುತ್ತಿರಲಿಲ್ಲ. ಒಂದು ತಿಂಗಳು ಮೂರನ್ನೇ ಹಚ್ಚಿದಳು. ಏನೂ ಆಗಲಿಲ್ಲ. ಆಮೇಲೆ ನಾಲ್ಕನೆಯದನ್ನು ತೆಗೆದಳು. ಹತ್ತೇ ದಿನಕ್ಕೆ ಬಂಗು ತಿಳಿಯಾಯಿತು.

ಪಕ್ಕದ ಸಾಲು ಒರೆಸುವ ಜಮೀಲಾ ಮೊದಲು ಕಂಡುಹಿಡಿದಳು. "ಲೇ, ಕರಿಯಕ್ಕ ಅನ್ನೋ ಹೆಸ್ರು ತೆಗ್ದುಬುಡೇ. ಬಿಳಿಯಕ್ಕ ಅಂತ ಆಧಾರ್‌ನಾಗೆ ಬರೆಸ್ಕೋ!"

ನಕ್ಕವಳೇ ಸಂಜೆ ಬಂದು ತನಗೂ ಒಂದು ಕಿಟ್ ತರಿಸು ಎಂದಳು. ಊರಿನ ಮಹಿಳಾ ಸಂಘದ ಇನ್ನಿಬ್ಬರೂ ತರಿಸಿಕೊಂಡರು. ಮೂವರನ್ನು ಸೇರಿಸಿದ್ದಕ್ಕೆ ಕಂಪನಿಯಿಂದ ಕರಿಯಕ್ಕನಿಗೆ ಒಂದು ಕಿಟ್ ಪುಕ್ಕಟೆ ಬಂತು. ಅದನ್ನು ಅಟ್ಟದ ಮೇಲಿಟ್ಟಳು.

ಸಂಘದ ಸಭೆಗೆ ಬಂದ ಆಶಾ ಕಾರ್ಯಕರ್ತೆ ಶಾಂತಕುಮಾರಿ ಆ ಬಿಳಿ ಡಬ್ಬಿಯನ್ನು ಮೂರು ಸಲ ತಿರುಗಿಸಿ ನೋಡಿದಳು.

"ಅಕ್ಕ, ಒಳಗೇನೈತೆ ಅಂತಾನೇ ಬರ್ದಿಲ್ವಲ್ಲ?"

"ಬರ್ದಿದ್ರೆ ನಾನೇನು ಓದ್ತಿದ್ನಾ? ಹತ್ತೇ ದಿನಕ್ಕೆ ಕೆಲ್ಸ ಮಾಡೈತೆ, ಸಾಲ್ದಾ?"

"ಅದಕ್ಕೇ ಕಣಕ್ಕ ನಂಗೆ ಭಯ. ಇಷ್ಟು ಬೇಗ ಬೆಳ್ಳಗೆ ಮಾಡೋದ್ರಾಗೆ ಸ್ಟೀರಾಯ್ಡ್ ಸೇರ್ಸಿರ್ತಾರೆ. ಅದು ಡಾಕ್ಟ್ರು ನೋಡ್ಕೊಂಡು ಕೊಡೋ ಔಷಧಿ. ನಾವೇ ದಿನಾ ಬಳ್ಕೊಂಡ್ರೆ ಚರ್ಮ ತೆಳ್ಳಗಾಗೋಗ್ತದೆ."

"ಹೊಟ್ಟೆಕಿಚ್ಚು ಅನ್ನು ಕಣಮ್ಮ!" ಎಂದಳು ಕರಿಯಕ್ಕ. ಎಲ್ಲರೂ ನಕ್ಕರು. ಶಾಂತಕುಮಾರಿ ನಗಲಿಲ್ಲ.

ನಾಲ್ಕು ತಿಂಗಳಾಗುವಷ್ಟರಲ್ಲಿ ಕರಿಯಕ್ಕ ಎಂಟು ಗಂಟೆಯ ಬಿಸಿಲಿಗೂ ನಿಲ್ಲಲಾರದಾದಳು. ಕೆನ್ನೆ ಕೆಂಪಾಗಿ ಖಾರ ಹಚ್ಚಿದಂತೆ ಉರಿಯುತ್ತಿತ್ತು. ಎರಡು ದಿನ ಕ್ರೀಮು ಬಿಟ್ಟರೆ ಉರಿ ಇಮ್ಮಡಿ, ಹಚ್ಚಿದರೆ ತಣ್ಣಗೆ. ಹಾಗಾಗಿ ಕಾಯಿಲೆ ತಂದದ್ದನ್ನೇ ಅವಳು ಔಷಧಿ ಎಂದುಕೊಂಡಳು. ವಾರಕ್ಕೆ ಮೂರು ದಿನ ಕೆಲಸ ತಪ್ಪತೊಡಗಿತು.

ಒಂದು ಬೆಳಿಗ್ಗೆ ಸ್ನೇಹಲತಾ ಕಾಲೇಜಿಗೆ ಹೊರಡಲಿಲ್ಲ. ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಗೋಡೆ ಕಡೆ ತಿರುಗಿ ಮಲಗಿದ್ದಳು. ಕರಿಯಕ್ಕ ಬಟ್ಟೆ ಸರಿಸಿದಳು. ಕೆನ್ನೆಯ ತುಂಬ ಕೀವಿನ ಗುಳ್ಳೆ, ದವಡೆಯ ಅಂಚಿಗೆ ಕಪ್ಪು ಕೂದಲು. ಅಟ್ಟದ ಮೇಲಿನ ಪುಕ್ಕಟೆ ಕಿಟ್ಟಿನಲ್ಲಿ ಬಿಳಿ ಡಬ್ಬಿ ಖಾಲಿಯಾಗಿತ್ತು.

"ನಿಂಗೇನು ಬಂಗಿತ್ತೇನೇ? ಚೆನ್ನಾಗಿದ್ದ ಮುಖಕ್ಕೆ ಯಾಕೆ ಬಳ್ಕೊಂಡೆ?"

ಮಗಳು ಎದ್ದು ಕೂತಳು. "ನಿನ್ನ ಬಣ್ಣಾನೇ ಅಲ್ವೇನಮ್ಮ ನಂದು? ನಿಂಗೇ ಬ್ಯಾಡಾಗಿದ್ದು ನಂಗ್ಯಾಕೆ ಬೇಕು?"

ಕರಿಯಕ್ಕ ಆ ಖಾಲಿ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಶಾಂತಕುಮಾರಿಯ ಮನೆಯ ಕಡೆ ನಡೆದಳು.

ಮಾರನೆಯ ದಿನ ಶಾಂತಕುಮಾರಿ ತಾಯಿ ಮಗಳನ್ನು ಸರ್ಕಾರಿ ಆಸ್ಪತ್ರೆಯ ಚರ್ಮದ ಡಾಕ್ಟರ ಬಳಿ ಕರೆದೊಯ್ದಳು. ಡಾಕ್ಟರಮ್ಮ ನಾಲ್ಕೂ ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು.

"ಇದು ಸೋಪಿನ ನೀರು. ಈ ಎರಡು ಜಿಡ್ಡು, ನೀರು, ಸುವಾಸನೆ. ಇದಕ್ಕೆಲ್ಲ ಇಷ್ಟು ದುಡ್ಡು ಕೊಡಬೇಕಾಗಿರಲಿಲ್ಲ. ಈ ನಾಲ್ಕನೆಯದರಲ್ಲಿ ಏನಿದೆ ಅಂತ ಪರೀಕ್ಷೆ ಮಾಡದೆ ಖಚಿತವಾಗಿ ಹೇಳೋಕಾಗಲ್ಲ. ಆದರೆ ನಿಮ್ಮಿಬ್ಬರ ಮುಖ ನೋಡಿದರೆ ಸ್ಟೀರಾಯ್ಡ್ ಅಂತಲೇ ಕಾಣುತ್ತೆ. ನಿಲ್ಲಿಸಿದ ಮೇಲೆ ಕೆಲವು ವಾರ ಉರಿ ಜಾಸ್ತಿಯಾಗುತ್ತೆ. ಅದಕ್ಕೆ ಹೆದರಿ ಮತ್ತೆ ಹಚ್ಚಬೇಡಿ, ನನ್ನ ಹತ್ತಿರ ಬನ್ನಿ."

"ನನ್ನ ಮಗಳ ಮುಖ ಮೊದಲಿನಂಗೆ ಆಗ್ತದಾ ಮೇಡಂ?"

"ಬಹಳಷ್ಟು ಸರಿಹೋಗುತ್ತೆ. ತಿಂಗಳುಗಟ್ಟಲೆ ಬೇಕು. ಪೂರ್ತಿ ಮೊದಲಿನ ಹಾಗೇ ಅಂತ ಮಾತು ಕೊಡೋಕೆ ನನ್ನಿಂದಾಗಲ್ಲ."

ಆ ವಾರದ ಸಂಘದ ಸಭೆಯಲ್ಲಿ ಕರಿಯಕ್ಕ ಸೆರಗು ಸರಿಸಿ ಮುಖ ತೋರಿಸಿ, ಆ ಬಿಳಿ ಡಬ್ಬಿಯನ್ನು ಇನ್ನು ಯಾರೂ ಹಚ್ಚಬೇಡಿ ಎಂದಳು. ಜಮೀಲಾ ಸಿಡಿದಳು. ಅವಳ ಕೆನ್ನೆಯೂ ಕೆಂಪಾಗಿತ್ತು.

"ನೀನೇ ಅಲ್ವೇನೇ ತರ್ಸಿಕೊಟ್ಟಿದ್ದು? ಈಗ ಬಂದು ಹಿಂಗೆ ಹೇಳ್ತೀಯಾ?"

"ಹೂಂ, ನಾನೇ ಕಣೇ. ಎಷ್ಟು ಬೇಕೋ ಅಷ್ಟು ಬೈಯಿ. ಬೈದಾದ್ಮೇಲೆ ಆಸ್ಪತ್ರೆಗೆ ಬಾ." ಕರಿಯಕ್ಕ ಸೆರಗನ್ನು ಇನ್ನಷ್ಟು ಸರಿಸಿದಳು. "ಯಾರದೋ ಗಾಜಿಗೆ ಗೀರು ಬೀಳ್ದಂಗೆ ದಿನಾ ಕಾಯ್ತೀವಿ. ನನ್ನ ಮಗಳ ಮುಖಕ್ಕೆ ನಾನೇ ಗೀರಿಬುಟ್ಟೆ."

ಜಮೀಲಾ ತನ್ನ ಕೆನ್ನೆ ಮುಟ್ಟಿ ನೋಡಿಕೊಂಡು ಕೇಳಿದಳು: "ಬಸ್ಸು ಎಷ್ಟೊತ್ತಿಗೆ?"

ಕರಿಯಕ್ಕ ಈಗ ಹತ್ತಿಬಟ್ಟೆ ಸುತ್ತಿ, ಅಗಲ ಅಂಚಿನ ಟೋಪಿ ಹಾಕಿ ಕೆಲಸಕ್ಕೆ ಹೋಗುತ್ತಾಳೆ. ಬಂಗು ತಿರುಗಿ ಬಂದಿದೆ. ಅದಕ್ಕೆ ಅವಳು ಅಳುವುದಿಲ್ಲ. ಸ್ನೇಹಲತಾ ಕಾಲೇಜಿಗೆ ಹೋಗುತ್ತಿದ್ದಾಳೆ, ಆದರೆ ತರಗತಿಯಲ್ಲೂ ಮುಖದ ದುಪಟ್ಟಾ ತೆಗೆಯುವುದಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ನಿಮ್ಮ ಮನೆಯಲ್ಲಿರುವ ಕ್ರೀಮಿನ ಡಬ್ಬಿಯನ್ನು ಇವತ್ತೇ ತಿರುಗಿಸಿ ನೋಡಿ. ಒಳಗೇನಿದೆ, ಯಾರು ಮಾಡಿದರು ಎಂದು ಬರೆದಿಲ್ಲವೇ? ಮುಖಕ್ಕೆ ಮುಟ್ಟಿಸಬೇಡಿ. ಹತ್ತು ದಿನದಲ್ಲಿ ಬೆಳ್ಳಗೆ ಮಾಡುತ್ತೇವೆ ಎಂದವರಿಗೆ ದುಡ್ಡು ಕೊಡಬೇಡಿ. ಈಗಾಗಲೇ ಹಚ್ಚಿ ಉರಿ ಶುರುವಾಗಿದ್ದರೆ, ನಾಚಿಕೆ ಬಿಟ್ಟು ಆ ಡಬ್ಬಿಯ ಸಮೇತ ಸರ್ಕಾರಿ ಆಸ್ಪತ್ರೆಗೆ ಹೋಗಿ. ಬಿಸಿಲಿಗೆ ಹೊರಟಾಗ ಮುಖಕ್ಕೊಂದು ಬಟ್ಟೆ, ತಲೆಗೊಂದು ಟೋಪಿ ಇರಲಿ.

ಇನ್ನು ಕನ್ನಡಿಯ ಮುಂದೆ ನಿಂತು ನಿಮ್ಮ ಬಣ್ಣವನ್ನು ಬೈಯುವ ಮೊದಲು ಒಮ್ಮೆ ಬಾಗಿಲ ಕಡೆ ತಿರುಗಿ ನೋಡಿ. ಅದೇ ಬಣ್ಣದ ಮಗಳೊಬ್ಬಳು ಅಲ್ಲಿ ನಿಂತು ಕೇಳಿಸಿಕೊಳ್ಳುತ್ತಿರಬಹುದು.