ಮಾವ ತಂದ ಅರವತ್ತೇಳನೇ ಡಬ್ಬಿ

ಮಾಂಸದ ಡಬ್ಬಿಗೆ ಕುರಿ ಎಂದು ಚೀಟಿ ಅಂಟಿಸಿ ಕಂಪನಿಯೊಂದು ಒಳಗೆ ಕುದುರೆ ತುಂಬಿದೆಯೆಂಬ ಸುದ್ದಿ ಹೊರಬಿದ್ದ ಮರುದಿನ ಬೆಳಗ್ಗೆಯೇ ಆಹಾರ ಪರೀಕ್ಷಾಲಯದ ಕಿಟಕಿಯ ಮುಂದೆ ಊರಿಗೆ ಊರೇ ಡಬ್ಬಿ ಹಿಡಿದು ನಿಂತಿತು. ಅದಕ್ಕೆ ಮುಂಚೆ ಆ ಕಿಟಕಿಗೆ ವಾರಕ್ಕೊಬ್ಬ ಬಂದರೆ ಹೆಚ್ಚು. ಬಂದವನೂ ಅಂಚೆ ಕಚೇರಿ ಎಲ್ಲಿ ಎಂದು ಕೇಳಲು ಬಂದಿರುತ್ತಿದ್ದ. ಈಗ ನೋಡಿದರೆ ಸಾಲು ಮೆಟ್ಟಿಲಿಳಿದು, ಸೈಕಲ್ ನಿಲ್ಲಿಸುವ ಜಾಗ ದಾಟಿ, ಬಸ್ ನಿಲ್ದಾಣದ ಸಾಲಿನೊಂದಿಗೆ ಬೆರೆತುಹೋಗಿತ್ತು. ಬಸ್ಸಿಗೆಂದು ನಿಂತವರು ಕೂಡ ಕಿಟಕಿಯವರೆಗೆ ಬಂದು, ಏನು ಕೊಡಬೇಕೆಂದು ತಿಳಿಯದೆ ಬೆಪ್ಪಾಗುತ್ತಿದ್ದರು.

ಕಿಟಕಿಯ ಒಳಗೆ ಕೂತಿದ್ದವಳು ನಮ್ಮ ಸೊಸೆ. ಸರ್ಕಾರ ಅವಳಿಗೆ ಕೊಟ್ಟ ಹೆಸರು ಕಿರಿಯ ಪರೀಕ್ಷಕಿ. ಈ ಕತೆಗೆ ಬೇಕಾಗಿರುವುದು ಅವಳ ಸೊಸೆತನವೇ ಆದ್ದರಿಂದ ನಾವು ಹಾಗೇ ಕರೆಯೋಣ. ಡಬ್ಬಿ ಇಸಿದುಕೊಂಡು ದಾಖಲೆ ಪುಸ್ತಕದಲ್ಲಿ ಬರೆಯುವುದು, ನಂಬರಿನ ಚೀಟಿ ಅಂಟಿಸುವುದು, ಚೂರು ಮಾಂಸ ಅರೆದು ಬೆರಳುದ್ದದ ಕೊಳವೆಗೆ ಹಾಕಿ ಯಂತ್ರಕ್ಕಿಡುವುದು, ಸಂಜೆ ನಾಲ್ಕಕ್ಕೆ ಅದೇ ಕಿಟಕಿಯಲ್ಲಿ ನಿಂತು ನಂಬರು ಕೂಗಿ ಫಲಿತಾಂಶ ಓದುವುದು, ಎಲ್ಲ ಅವಳದೇ. ಕಾಗದ ಕೈಗೆ ಕೊಟ್ಟರೆ ಜನ ಕಿತ್ತಾಡಿ ಹರಿದುಹಾಕುತ್ತಾರೆಂದು ಓದಿ ಹೇಳುವ ಪದ್ಧತಿ ತಂದವರು ಲ್ಯಾಬಿನ ದೊಡ್ಡ ಮೇಡಂ.

ಜನವೆಂದರೆ ಜನ! ಮೊದಲ ದಿನ ಎಲ್ಲರಿಗೂ ಸಿಟ್ಟು. ಎರಡನೆಯ ದಿನಕ್ಕೆ ತಮಾಷೆ ಶುರುವಾಯಿತು. ಮೂರನೆಯ ದಿನಕ್ಕೆ ಪ್ರತಿಯೊಬ್ಬರೂ ವಿಜ್ಞಾನಿಗಳಾದರು. "ಹೋದ ತಿಂಗಳಿಂದ ನನ್ನ ಮಂಡಿ ನೋವು ಮಾಯ ಆಗಿದೆ ಕಣಮ್ಮ, ಕುದುರೆದೇ ಗುಣ ಇರಬೇಕು. ಇನ್ನೆರಡು ಪ್ಯಾಕೆಟ್ ಎಲ್ಲಿ ಸಿಗುತ್ತೆ?" ಎಂದು ಒಬ್ಬ ಅಜ್ಜಿ ಪಿಸುಗುಟ್ಟಿದಳು. ಓಟದ ತರಬೇತಿ ಕೊಡುವ ಮೇಷ್ಟ್ರೊಬ್ಬರು ತಮ್ಮ ಹುಡುಗರ ಊಟದ ಡಬ್ಬಿ ತಂದು, ಕುದುರೆ ಇಲ್ಲವೆಂದು ತಿಳಿದಾಗ ಮುಖ ಚಿಕ್ಕದು ಮಾಡಿಕೊಂಡು ಹೋದರು. ಒಬ್ಬಾತ ಅತ್ತೆ ಮಾಡಿದ ಸೂಪು ತಂದಿದ್ದ. ಅದರಲ್ಲಿ ಏನೋ ಒಂದು ಸಿಕ್ಕೇ ಸಿಗಬೇಕೆಂಬ ಆಸೆ ಅವನ ಕಣ್ಣಲ್ಲಿ ಕುಣಿಯುತ್ತಿತ್ತು. ಆ ವಾರ ಪರೀಕ್ಷೆಗೆ ಬಂದ ಮುನ್ನೂರು ಡಬ್ಬಿಗಳಲ್ಲಿ ಅಪ್ಪಟ ಕುರಿಮಾಂಸ ಸಿಕ್ಕಿದ್ದು ಒಂದೇ ಒಂದರಲ್ಲಿ. ಅದು ಬೆಕ್ಕಿಗೆ ಹಾಕುವ ಡಬ್ಬಿ. ಅದನ್ನು ತಂದಿದ್ದ ಹೆಂಗಸು "ಹಾಗಾದ್ರೆ ಇಷ್ಟು ದಿನ ಅದು ಕುರಿ ತಿಂತು, ನಾನು ಕುದುರೆ ತಿಂದೆ!" ಎಂದು ಮೆಟ್ಟಿಲ ಮೇಲೇ ಕುಸಿದು ಕೂತಳು.

ಇಷ್ಟೆಲ್ಲ ಪರೀಕ್ಷೆ ಮಾಡಿದ ಸೊಸೆ ತನ್ನ ಮನೆಯ ಫ್ರೀಜರಿನಲ್ಲಿದ್ದ ಮಾಂಸದುಂಡೆಯನ್ನು ಮಾತ್ರ ಪರೀಕ್ಷೆ ಮಾಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು ಎನ್ನುವುದು ಇದಕ್ಕೇ.

ಒಂಬತ್ತು ವರ್ಷಗಳ ಹಿಂದೆ, ಮದುವೆಯಾದ ಹೊಸತರಲ್ಲಿ, ಅವಳು ಮಾಡಿದ ಮೊದಲ ಅಡುಗೆ ಇದ್ದಿಲಾಯಿತು. ಗಾಬರಿಯಲ್ಲಿ ಮೂಲೆ ಅಂಗಡಿಗೆ ಓಡಿ, ಕಂಪನಿಯ ಕುರಿಮಾಂಸದುಂಡೆ ಪ್ಯಾಕೆಟ್ ತಂದು, ಬಿಸಿ ಮಾಡಿ, ಮೇಲೊಂದಿಷ್ಟು ಈರುಳ್ಳಿ ಹುರಿದು ಹಾಕಿ ಮಾವನಿಗೆ ಬಡಿಸಿದಳು. ಮಾವ ಎಂದರೆ ಸವಾರಿ ಶಾಲೆಯ ಲಾಯದಲ್ಲಿ ಮೂವತ್ತೆಂಟು ವರ್ಷ ಕುದುರೆ ಉಜ್ಜಿ, ತೊಳೆದು, ಸಾಕಿದ ಮನುಷ್ಯ. ಕುದುರೆಗಳೊಡನೆ ಗಂಟೆಗಟ್ಟಲೆ ಮಾತಾಡುತ್ತಿದ್ದರಂತೆ. ಮನುಷ್ಯರೊಡನೆ ಮಾತ್ರ "ಹೂಂ" ಬಿಟ್ಟರೆ "ಊಹೂಂ". ಆ ದಿನ ಉಂಡೆ ಬಾಯಿಗಿಟ್ಟು, ಅಗಿದು, ನುಂಗಿ, ಅವಳ ಕಡೆ ನೋಡಿ "ಚೆನ್ನಾಗಿದೆ" ಎಂದರು.

ಆ ಒಂದು ಮಾತಿಗೆ ಅವಳು ಸೋತುಹೋದಳು. ತಂದೆ ಇಲ್ಲದೆ ಬೆಳೆದ ಹುಡುಗಿ. ಮನೆಯ ಹಿರಿಯರೊಬ್ಬರ ಬಾಯಲ್ಲಿ ತನ್ನ ಬಗ್ಗೆ ಒಂದು ಒಳ್ಳೆಯ ಮಾತು ಬರಬೇಕೆಂಬ ಹಸಿವು ಅವಳಿಗೆ ಊಟದ ಹಸಿವಿಗಿಂತ ದೊಡ್ಡದು. ಹಾಗಾಗಿ ಪ್ರತಿ ಭಾನುವಾರ ಪ್ಯಾಕೆಟ್ ಬಂತು. ಖಾಲಿ ಪ್ಯಾಕೆಟ್ ಆಫೀಸಿನ ಕಸದ ಬುಟ್ಟಿ ಸೇರಿತು. ಕೈಯಲ್ಲಿ ಕಟ್ಟಿದಂತೆ ಕಾಣಲೆಂದು ಒಂದೊಂದು ಉಂಡೆಯನ್ನೂ ಸ್ವಲ್ಪ ಚಪ್ಪಟೆ, ಸ್ವಲ್ಪ ಸೊಟ್ಟ ಮಾಡಿದಳು. ಗಂಡನಿಗೆ ಗೊತ್ತಿತ್ತು, ಆದರೆ ಅವನು ಜಾಣ ಕಿವುಡ. ಮಾವ ವಾರಕ್ಕೊಮ್ಮೆ "ಚೆನ್ನಾಗಿದೆ" ಎನ್ನುತ್ತಿದ್ದರು. ಒಂಬತ್ತು ವರ್ಷದಲ್ಲಿ ಅವಳಿಗೆಂದು ಅವರು ಆಡಿದ ಮಾತು ಅದೊಂದೇ.

ಸುದ್ದಿ ಬಂದ ಮೇಲೂ ಅವಳು ಭಾನುವಾರ ಉಂಡೆ ಬಡಿಸಿದಳು. ಸಿಕ್ಕಿಬಿದ್ದಿರುವುದು ಬೇರೆ ಕಂಪನಿ, ನಮ್ಮದಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬಡಿಸದಿದ್ದರೆ ಮಾವ ಯಾಕೆ ಎಂದು ಕೇಳಿಯಾರು ಎಂಬ ಭಯ ಬೇರೆ.

ಮಂಗಳವಾರ ಬೆಳಗ್ಗೆ ಹತ್ತೂವರೆಗೆ "ಮುಂದಿನವರು" ಎಂದು ತಲೆ ಎತ್ತಿದರೆ ಕಿಟಕಿಯಲ್ಲಿ ಮಾವ. ಹಿಂದೆ ಅವರ ಪಾರ್ಕಿನ ಗೆಳೆಯರಿಬ್ಬರು, ಒಬ್ಬರು ಹಳೆ ಟೈಲರ್, ಇನ್ನೊಬ್ಬರು ಹಳೆ ಪೋಸ್ಟ್‌ಮನ್. ಮಾವನ ಕೈಯಲ್ಲಿ ಅವಳದೇ ಅಡುಗೆಮನೆಯ ಸ್ಟೀಲ್ ಡಬ್ಬಿ, ಒಳಗೆ ಭಾನುವಾರ ಉಳಿದ ಒಂದು ಉಂಡೆ.

"ಏನಮ್ಮ, ನಿಮ್ಮ ಮಾವ ಮೀಸೆ ಪಣಕ್ಕಿಟ್ಟಿದ್ದಾರೆ," ಎಂದರು ಟೈಲರ್. "ಊರಲ್ಲಿ ಎಲ್ಲರೂ ಕುದುರೆ ತಿಂದವರೇ, ನೀನೂ ತಿಂದಿರ್ತೀಯ ಅಂತ ಈ ಪೋಸ್ಟ್‌ಮನ್ ರೇಗಿಸಿದ."

"ನನ್ನ ಸೊಸೆ ಕೈಯಾರೆ ಮಾಡಿದ್ದೇ ತಿನ್ನೋದು ನಾನು, ಅದರಲ್ಲಿ ಕುದುರೆ ಇದ್ರೆ ಮೀಸೆ ಬೋಳಿಸ್ಕೋತೀನಿ ಅಂದ್ರು ನಿಮ್ಮ ಮಾವ," ಎಂದು ಪೋಸ್ಟ್‌ಮನ್ ಮುಗಿಸಿದರು.

ಮಾವ ಡಬ್ಬಿ ಮುಂದೆ ತಳ್ಳಿ "ಹೂಂ" ಎಂದರು.

ಸೊಸೆ ಡಬ್ಬಿಯನ್ನು ಹಿಂದಕ್ಕೆ ತಳ್ಳಿದಳು. "ಮಾವ, ಇವತ್ತು ತುಂಬಾ ಜನ. ನಾಳೆ ಬನ್ನಿ," ಎಂದು ಹೇಳುವಷ್ಟರಲ್ಲಿ ಬೆನ್ನ ಹಿಂದೆ ದೊಡ್ಡ ಮೇಡಂ ಬಂದು ನಿಂತಿದ್ದರು.

"ಯಾಕೆ ನಾಳೆ? ಬರಕೊಳ್ಳಿ."

"ಮೇಡಂ, ಇವರು ನಮ್ಮ ಮಾವ. ನಾನು ಮಾಡಿದ್ರೆ ಸರಿ ಇರಲ್ಲ..."

"ಒಮ್ಮೆ ನಂಬರ್ ಬಿದ್ದ ಮೇಲೆ ಅದಕ್ಕೆ ಮಾವನೂ ಇಲ್ಲ, ಅತ್ತೆನೂ ಇಲ್ಲ. ಬರಕೊಳ್ಳಿ," ಎಂದು ಮೇಡಂ ತಾವೇ ಚೀಟಿ ಅಂಟಿಸಿದರು. ಸೋಮವಾರ ಹೊಸದಾಗಿ ಶುರುವಾದ ಎಣಿಕೆಯಲ್ಲಿ ಅರವತ್ತೇಳು. ಆ ಪುಸ್ತಕದಲ್ಲಿ ಬರೆದದ್ದನ್ನು ಹೊಡೆದುಹಾಕುವಂತಿಲ್ಲ, ಬಂದ ಡಬ್ಬಿಯನ್ನು ಪರೀಕ್ಷೆಯಾಗದೆ ವಾಪಸು ಕೊಡುವಂತಿಲ್ಲ. ಮೂವರು ಮುದುಕರೂ ಹೊರಗಿನ ಬೆಂಚಿನ ಮೇಲೆ ಕೂತರು. ಸಂಜೆಯವರೆಗೆ ಏಳುವ ಲಕ್ಷಣ ಕಾಣಲಿಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಸೊಸೆ ಲ್ಯಾಬಿನ ಫ್ರಿಜ್ ಬಾಗಿಲು ತೆರೆದು ನಿಂತಳು. ಒಂದು ತಟ್ಟೆಯಲ್ಲಿ ಅರವತ್ತೇಳನೇ ಉಂಡೆ. ಪಕ್ಕದಲ್ಲಿ, ಯಂತ್ರ ಸರಿಯಾಗಿದೆಯೇ ಎಂದು ನೋಡಲು ಇಟ್ಟುಕೊಂಡಿದ್ದ ಅಪ್ಪಟ ಕುರಿಮಾಂಸ. ಉಂಡೆಯನ್ನು ಬಿಟ್ಟು ಈ ಕುರಿಯಿಂದ ಚಿಟಿಕೆಯಷ್ಟು ತೆಗೆದುಕೊಂಡರೆ ಮಾವನ ಮೀಸೆಯೂ ಉಳಿಯಿತು, ಅವಳ ಮಾನವೂ ಉಳಿಯಿತು. ಯಾವ ಹುಳುವಿಗೂ ಗೊತ್ತಾಗುತ್ತಿರಲಿಲ್ಲ. ಅವಳ ಕೈ ಕುರಿಯ ತಟ್ಟೆಯವರೆಗೆ ಹೋಯಿತು. ನಾನು ಸುಳ್ಳು ಹೇಳುವುದಿಲ್ಲ, ತಟ್ಟೆಯನ್ನು ಎತ್ತಿಯೂ ಎತ್ತಿದಳು. ಆಮೇಲೆ ಮುನ್ನೂರು ಜನರ ಮುಖ ಕಣ್ಣ ಮುಂದೆ ಬಂತು. ಅವರೆಲ್ಲ ಅವಳು ಓದಿದ್ದನ್ನು ನಂಬಿ, ಬೈದುಕೊಂಡೋ ನಕ್ಕೊಂಡೋ ಮನೆಗೆ ಹೋದವರು. ತಟ್ಟೆಯನ್ನು ಹಾಗೇ ವಾಪಸಿಟ್ಟು, ಅರವತ್ತೇಳನೇ ಉಂಡೆಯನ್ನೇ ಚಿವುಟಿ ಅರೆದಳು. ಇಷ್ಟಕ್ಕೂ ಅದರಲ್ಲಿ ಕುರಿಯೇ ಇದ್ದರೂ ಇರಬಹುದಲ್ಲ!

ಇರಲಿಲ್ಲ.

ನಾಲ್ಕು ಗಂಟೆಗೆ ಕಿಟಕಿಯ ಮುಂದೆ ಜಾತ್ರೆ. ಸೊಸೆ ಒಂದೊಂದೇ ನಂಬರು ಓದುತ್ತ ಬಂದಳು. ಅರವತ್ತೈದು, ಅರವತ್ತಾರು. ನೀರು ಕುಡಿದಳು. "ಅರವತ್ತೇಳು. ಕುರಿ, ಇಲ್ಲ. ಕೋಳಿ, ಸ್ವಲ್ಪ. ಕುದುರೆ..." ತಲೆ ತಗ್ಗಿಸಿದಳು. "ಕುದುರೆ, ಇದೆ."

ಟೈಲರ್ "ಹೋಯ್ತಪ್ಪಾ ಮೀಸೆ!" ಎಂದು ತೊಡೆ ತಟ್ಟಿದರು. ಆದರೆ ಮಾವ ಎದ್ದು ನಿಂತರು, ಎದ್ದು ನಿಂತು ಮಾತಾಡಿದರು.

"ಸುಳ್ಳು! ಈ ಯಂತ್ರ ಸುಳ್ಳು! ನನ್ನ ಸೊಸೆ ಇಲ್ಲೂ ದುಡಿದು ಮನೆಗೆ ಬಂದು, ನಿಂತ ಕಾಲಲ್ಲಿ ನನಗೋಸ್ಕರ ಕೈಯಾರೆ ಉಂಡೆ ಕಟ್ತಾಳೆ. ಒಂಬತ್ತು ವರ್ಷದಿಂದ ನೋಡ್ತಿದ್ದೀನಿ. ಆ ಹುಡುಗಿ ನನಗೆ ಮೋಸ ಮಾಡೋಳಲ್ಲ. ಕೆಟ್ಟಿರೋದು ನಿಮ್ಮ ಡಬ್ಬಾ ಯಂತ್ರ!"

ಇಷ್ಟು ಉದ್ದದ ಮಾತನ್ನು ಆ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು. ಅದೂ ಅವಳ ಪರವಾಗಿ! ಬೇರೆ ದಿನವಾಗಿದ್ದರೆ ಕುಣಿದುಬಿಡುತ್ತಿದ್ದಳು. ಈಗ ನೆಲ ಬಾಯಿ ಬಿಡಬಾರದೇ ಎನಿಸಿತು.

ಜನಕ್ಕೆ ಅಷ್ಟೇ ಸಾಕಾಯಿತು. "ಹೌದಲ್ವಾ, ನಮ್ಮದೂ ಹಾಗೇ ತಪ್ಪು ಬಂದಿರಬೇಕು!" "ಯಂತ್ರಾನ ಆಚೆ ತಂದು ತೋರಿಸಿ!" "ಇವರೂ ಕಂಪನಿಯವರೂ ಸೇರ್ಕೊಂಡಿದ್ದಾರೆ!" ಎಂದು ಕೂಗು ಎದ್ದಿತು. ಸೂಪಿನ ಅಳಿಯನಂತೂ ಮತ್ತೆ ಪರೀಕ್ಷೆ ಆಗಲೇಬೇಕೆಂದು ಬಾಗಿಲು ಬಡಿಯತೊಡಗಿದ. ದೊಡ್ಡ ಮೇಡಂ ಮುಖ ಬಿಳಿಚಿಕೊಂಡಿತು. ಹಗಲೂ ಸಂಜೆಯೂ ಕೂತು ಮಾಡಿದ ಒಂದು ವಾರದ ಪ್ರಾಮಾಣಿಕ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುವುದರಲ್ಲಿತ್ತು.

ಸೊಸೆ ಕಿಟಕಿ ಬಿಟ್ಟು, ಬಾಗಿಲು ತೆಗೆದು, ಹೊರಗೆ ಬಂದು ಮಾವನ ಎದುರಿಗೆ ನಿಂತಳು.

"ಯಂತ್ರ ಸರಿಯಾಗೇ ಇದೆ ಮಾವ. ಸುಳ್ಳು ಹೇಳಿದ್ದು ನಾನು. ಉಂಡೆ ನಾನು ಮಾಡಿದ್ದಲ್ಲ. ಅಂಗಡಿಯ ಪ್ಯಾಕೆಟ್ಟು."

"ಈ ಸಲದ್ದಾ?"

"ಎಲ್ಲಾ ಸಲದ್ದೂ."

ಸಾಲಿನಲ್ಲಿ "ಮನೆಯಲ್ಲೇ ಮಾಡಿದ್ದು" ಎಂದು ದೊಡ್ಡದಾಗಿ ಹೇಳಿಕೊಂಡು ಡಬ್ಬಿ ಹಿಡಿದು ನಿಂತಿದ್ದ ಏಳೆಂಟು ಹೆಂಗಸರು, ಇಬ್ಬರು ಗಂಡಸರು, ಮೆಲ್ಲಗೆ ಡಬ್ಬಿಯನ್ನು ಚೀಲದೊಳಗೆ ಸೇರಿಸಿ, ಬಸ್ಸಿಗೆ ಬಂದವರಂತೆ ಅತ್ತ ನಡೆದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರಲ್ಲ, ಹಾಗೆ. ಅರ್ಧ ಗಂಟೆಯಲ್ಲಿ ಕಿಟಕಿಯ ಮುಂದೆ ಒಂದು ನರಪಿಳ್ಳೆಯೂ ಉಳಿಯಲಿಲ್ಲ.

ಮಾವ ಬೆಂಚಿನ ಮೇಲೆ ಕೂತು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡರು. "ಲಾಯದ ಒಂದೊಂದು ಕುದುರೆಯ ಮುಖವೂ ನೆನಪಾಗ್ತಿದೆ," ಎಂದರು, ಗೆಳೆಯರಿಗೆ. ಅವಳ ಕಡೆ ನೋಡಲಿಲ್ಲ. ಪಣ ಗಿಣ ಎಲ್ಲ ಬಿಟ್ಟುಬಿಡು ಮಾರಾಯ ಎಂದು ಪೋಸ್ಟ್‌ಮನ್ ಎಷ್ಟು ಹೇಳಿದರೂ ಕೇಳದೆ ನೇರ ಕ್ಷೌರದಂಗಡಿಗೆ ಹೋದರು. ಮೀಸೆಯಿಲ್ಲದ ಮಾವ ಮನೆಗೆ ಬಂದಾಗ ಮಗನೇ ಯಾರು ಬೇಕಿತ್ತು ಎಂದು ಕೇಳಿದನಂತೆ.

ಆಮೇಲೆ ನಾಲ್ಕು ದಿನ "ಹೂಂ" ಕೂಡ ಇಲ್ಲ. ಮಾವ ಬ್ರೆಡ್ಡು, ಹಣ್ಣು, ಹಾಲು ಇಷ್ಟರಲ್ಲೇ ದಿನ ದೂಡಿದರು. ಸೊಸೆ ಬಡಿಸಲು ಹೋದರೆ ತಟ್ಟೆಯನ್ನು ತಾವೇ ತೆಗೆದುಕೊಳ್ಳುತ್ತಿದ್ದರು. ಅವಳು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಕುದುರೆ ತಿನ್ನಿಸಿದ್ದಕ್ಕಿಂತ, ತುಂಬಿದ ಜನರ ಮುಂದೆ ತನ್ನನ್ನು ನಂಬಿ ಎದ್ದು ನಿಂತವರನ್ನು ಕೆಡವಿದೆನಲ್ಲ ಎಂಬುದೇ ಅವಳನ್ನು ಕೊರೆಯುತ್ತಿತ್ತು. ಇನ್ನು ಈ ಜನ್ಮದಲ್ಲಿ ಆ ಬಾಯಿಂದ ತನಗೊಂದು ಮಾತು ಬರುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಳು.

ಆದರೂ ಭಾನುವಾರ ಬೆಳಗ್ಗೆ ಕಸಾಯಿ ಅಂಗಡಿಗೆ ಹೋಗಿ, ಕಣ್ಣೆದುರೇ ಕೊಯ್ಸಿ ಕುರಿಮಾಂಸ ತಂದಳು. ಲ್ಯಾಬಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾಗದಂತೆ ಅಳೆಯುವ ಕೈ ಅಡುಗೆಮನೆಯಲ್ಲಿ ಲೆಕ್ಕ ತಪ್ಪಿತು. ಉಂಡೆ ಕಟ್ಟಿದರೆ ಒಡೆಯಿತು. ಒಡೆದದ್ದನ್ನು ಸೇರಿಸಿದರೆ ಗೋಲಿ ಹೋಗಿ ಗುಂಡುಕಲ್ಲಾಯಿತು. ಎಣ್ಣೆ ಸಿಡಿದು ಮೊಣಕೈ ಸುಟ್ಟಿತು. ಕೊನೆಗೆ ತಟ್ಟೆಯಲ್ಲಿ ಐದು ಕಪ್ಪು ವಸ್ತುಗಳನ್ನಿಟ್ಟು ಮಾವನ ಮುಂದೆ ತಂದಳು.

"ಇದು ನಾನೇ ಮಾಡಿದ್ದು ಮಾವ. ತಿನ್ನಲೇಬೇಕು ಅಂತೇನಿಲ್ಲ."

ಮಾವ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಒಂದನ್ನು ಮುರಿದು ಬಾಯಿಗಿಟ್ಟರು. ಅಗಿದರು. ಇನ್ನೂ ಅಗಿದರು. ನೀರು ಕುಡಿದು ನುಂಗಿದರು.

"ಚೆನ್ನಾಗಿಲ್ಲ," ಎಂದರು.

ಸೊಸೆ ತಲೆಯಾಡಿಸಿದಳು.

"ಹೊರಗೆ ಸುಟ್ಟಿದೆ, ಒಳಗೆ ಹಸಿ. ಅಷ್ಟು ಉರಿ ಯಾಕಿಟ್ಟೆ? ಸಣ್ಣ ಉರಿ ಇಟ್ಕೊಂಡು ತಾಳ್ಮೆಯಿಂದ ತಿರುವಬೇಕು. ಉಪ್ಪು ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ. ಮಾಂಸ ಎಷ್ಟು ಹೊತ್ತು ಕಲಸಿದೆ? ಸಾಲಲ್ಲ. ನಿಮ್ಮತ್ತೆಗೂ ಮೊದಮೊದಲು ಹೀಗೇ ಆಗೋದು. ಒಂದು ಸಲ ಅವಳು ಮಾಡಿದ್ದನ್ನ ನಾನು ಕಿಟಕಿಯಿಂದ ಆಚೆ ಎಸೆದೆ ನೋಡು, ಕೆಳಗೆ ಹೋಗ್ತಿದ್ದವನ ತಲೆಗೆ ಬಿದ್ದು..."

ಹೀಗೆ ಹೇಳುತ್ತ ಎರಡನೆಯದನ್ನು ಮುರಿದರು. ಈರುಳ್ಳಿ ದಪ್ಪ ಹೆಚ್ಚಿದ್ದಕ್ಕೆ ಬೈದರು. ಬಾಣಲೆ ಸರಿಯಿಲ್ಲವೆಂದರು. ಬಾಣಲೆಯಿಂದ ಲಾಯದ ಮೇಸ್ತ್ರಿಯ ಹೆಂಡತಿಗೆ, ಅಲ್ಲಿಂದ ಯಾರಿಗೂ ಬೆನ್ನು ಕೊಡದ ಒಂದು ಬಿಳಿ ಹೆಣ್ಣು ಕುದುರೆಗೆ ಮಾತು ಹೊರಳಿತು. ಸೊಸೆ ಸೌಟು ಹಿಡಿದವಳು ಹಿಡಿದಂತೆಯೇ ನೆಲದ ಮೇಲೆ ಕೂತು, ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು.

ಹೆಂಡತಿಗೆ ಬೈಗುಳ ಜಾಸ್ತಿಯಾಯಿತೆಂದು ಗಂಡನಿಗೆ ಅನಿಸಿತು. ಪಾಪ, ಅವನದೂ ತಪ್ಪಲ್ಲ. "ಸಾಕು ಬಿಡಪ್ಪ, ಎಷ್ಟು ಅಂತ ಅಂತೀಯ ಅವಳನ್ನ," ಎಂದ.

ಸೊಸೆ ಅವನ ಕಡೆ ತಿರುಗಿ ಸೌಟು ಎತ್ತಿದಳು.

"ರೀ, ನೀವು ಸುಮ್ನಿರಿ. ಮಾವ ನನ್ನ ಹತ್ರ ಮಾತಾಡ್ತಿದ್ದಾರೆ."