ಮಿಂಬರಿನ ಹೂಗಳು

ಕಾಪುವಿನ ನಮ್ಮ ರಾತ್ರಿ ಶಾಲೆಯ ಹೆಂಗಸರಿಗೆ ಈ ಸಲ ಕಾರ್ಕಳಕ್ಕೆ ಪ್ರವಾಸ ಉಂಟು ಎಂದು ಜೆರ್ಟ್ರೂಡ್ ಟೀಚರ್ ಹೇಳಿದರು. ಅದು ಎಂಬತ್ತೊಂದನೇ ಇಸವಿ. ಚಂಪಾ ಕೂಡಲೇ ಎದ್ದು ನಿಂತು, "ಕಿಟಕಿಯ ಸೀಟು ಯಾರಿಗೆ ಟೀಚರ್? ಈಗಲೇ ಹೇಳಿಬಿಡಿ" ಎಂದಳು. ಅವಳು ಹಾಗೆಯೇ. ವಾದಕ್ಕೆ ಯಾರೂ ಸಿಗದಿದ್ದರೆ ಬೀಡಿ ಎಲೆಯ ಜೊತೆಗಾದರೂ ವಾದಿಸುವವಳು.

ನಾನು ಕೇಳಿದ್ದು ಬೇರೆ. "ಕಾರ್ಕಳಕ್ಕೆ ಹೋದಾಗ ಅಲ್ಲಿನ ಹಳೆಯ ಪಳ್ಳಿಗೂ ಹೋಗ್ತೇವಾ?"

"ಹೋಗುವ. ನಿಮ್ಮ ತವರಲ್ವಾ ಝೈನಬ್? ನೀವೇ ಎಲ್ಲ ತೋರಿಸಬೇಕು."

ಪಳ್ಳಿ ಎಂದರೆ ನಮ್ಮ ಮಸೀದಿ. ನಾನು ಹುಟ್ಟಿ ಬೆಳೆದದ್ದು ಆ ಪಳ್ಳಿಯ ಹಿಂದಿನ ಮನೆಯಲ್ಲಿ ಹೌದು. ಆದರೆ ನನಗೆ ಗೊತ್ತಿದ್ದದ್ದು ಅದರ ಹಂಚಿನ ಮಾಡು ಮತ್ತು ಪಾಚಿ ಹಿಡಿದ ಹಿಂಗೋಡೆ ಮಾತ್ರ. ನಮ್ಮಲ್ಲಿ ಹೆಂಗಸರು ಪಳ್ಳಿಯೊಳಗೆ ಹೋಗುವ ವಾಡಿಕೆ ಇರಲಿಲ್ಲ. ಒಳಗಿನ ಸುದ್ದಿ ತರುತ್ತಿದ್ದವನು ಅಣ್ಣ ಶೇಕಬ್ಬ. ಶುಕ್ರವಾರ ಖತೀಬರು ಹತ್ತಿ ನಿಂತು ಖುತುಬಾ ಪ್ರವಚನ ಓದುವ ಮರದ ಪೀಠಕ್ಕೆ ಮಿಂಬರ್ ಎನ್ನುತ್ತಾರೆ. ಅದರ ತುಂಬ ಹೂವಿನ ಕೆತ್ತನೆ, ಒಂದರ ಹಾಗೆ ಇನ್ನೊಂದಿಲ್ಲ ಎಂದು ಅಣ್ಣ ಬೆರಳಿನಿಂದ ಗಾಳಿಯಲ್ಲೇ ಬಿಡಿಸಿ ತೋರಿಸುತ್ತಿದ್ದ. ನಾನು ಒಲೆಯ ಬೂದಿಯಲ್ಲಿ ಹಾಗೆಯೇ ಬರೆಯಲು ನೋಡುತ್ತಿದ್ದೆ. ಮದುವೆಯಾಯಿತು, ಮಕ್ಕಳಾದವು, ಮೊಮ್ಮಕ್ಕಳೂ ಆದವು. ಬೀಡಿ ಕಟ್ಟುತ್ತಾ ಕುಳಿತಾಗ ಆ ಹೂಗಳು ಆಗಲೂ ಕಣ್ಣ ಮುಂದೆ ಬರುತ್ತಿದ್ದವು. ಸಾಯುವುದರೊಳಗೆ ಒಮ್ಮೆ ನಿಜವಾದದ್ದನ್ನು ನೋಡಬೇಕು ಎನ್ನುವ ಆಸೆ ನನಗೆ.

ಶಿರ್ವ, ಬೆಳ್ಮಣ್ ದಾಟಿ ಬಸ್ಸು ಕಾರ್ಕಳ ಸೇರಿತು. ಗೊಮ್ಮಟನ ಬೆಟ್ಟ ಹತ್ತಿ ಇಳಿಯುವಷ್ಟರಲ್ಲಿ ನಮ್ಮ ಕ್ಲಾಸಿನ ವಾರಿಜಾಳ ಮೊಣಕಾಲು ಮುಷ್ಕರ ಹೂಡಿತ್ತು. ಪಳ್ಳಿಯ ಬಾಗಿಲಿಗೆ ಬಂದಾಗ ಮಧ್ಯಾಹ್ನದ ನಮಾಜು ಮುಗಿದು, ಜನ ಊಟಕ್ಕೆ ಹೋಗಿದ್ದರು. ಟೀಚರ್ ಮೊದಲೇ ಕಮಿಟಿಯವರಿಂದ ಒಪ್ಪಿಗೆ ಪಡೆದಿದ್ದರು. ಅಣ್ಣ ಈಗ ಅಲ್ಲಿಯ ಮುಕ್ರಿ. ಬಾಂಗು ಕೊಡುವುದು, ಗುಡಿಸುವುದು, ಕೊಳ ತೊಳೆಸುವುದು ಎಲ್ಲ ಅವನದೇ ಕೆಲಸ. ಬಿಳಿ ಗಡ್ಡ ಬಾಚಿಕೊಂಡು ಕಾಯುತ್ತಿದ್ದ.

ಎಲ್ಲರೂ ಪಳ್ಳಿಯ ಕೊಳದಲ್ಲಿ ಕಾಲು ತೊಳೆದರು, ಮೀನುಗಳು ಬೆರಳಿಗೇ ಮುತ್ತಿದವು. "ಇಲ್ಲಿನ ಮೀನಿಗೆ ಎಂತ ಧೈರ್ಯ ಮಾರಾಯ್ತಿ! ನಮ್ಮ ಕಾಪುವಿನಲ್ಲಾದರೆ ಇಷ್ಟು ಹೊತ್ತಿಗೆ ಸಾರು ಆಗಿರ್ತಿತ್ತು" ಎಂದಳು ವಾರಿಜಾ. ನಾನೂ ಕಾಲು ತೊಳೆದು ಮೆಟ್ಟಿಲಿಗೆ ಹೆಜ್ಜೆ ಇಟ್ಟೆ. ಅಣ್ಣನ ಕೈ ಅಡ್ಡ ಬಂತು.

"ನೀನು ಎಲ್ಲಿಗೆ?"

"ಇವರೆಲ್ಲ ಹೋಗ್ತಾರಲ್ಲ."

"ಇವರು ನೋಡಲು ಬಂದವರು. ನೀನು ನಮ್ಮವಳು."

"ನಿಮ್ಮವಳು ಆಗದಿದ್ದರೆ ಬಿಡ್ತಿದ್ದಿಯಾ?"

ಅಣ್ಣ ಗಡ್ಡ ತುರಿಸಿಕೊಂಡ. "ಹಾಗಲ್ಲ... ನೀನು ಇಲ್ಲಿ ನೆರಳಲ್ಲಿ ಕೂತುಕೋ. ಸೋಡಾ ತರಿಸ್ತೇನೆ."

ಸೋಡಾ ಬಂತು. ಮೆಟ್ಟಿಲ ಮೇಲೆ ಕುಳಿತು ಕುಡಿದೆ. ಗ್ಯಾಸು ಮೂಗಿಗೆ ಹತ್ತಿ ಕಣ್ಣಲ್ಲಿ ನೀರು ಬಂತು. ಗ್ಯಾಸಿನದ್ದೇ ಎಂದು ಸಮಾಧಾನ ಮಾಡಿಕೊಂಡೆ.

ಮೊದಲು ಹೊರಗೆ ಬಂದವಳು ಚಂಪಾ. "ಹೂವು ಹೇಗೆ ಉಂಟು?" ಎಂದು ಕೇಳಿದೆ.

"ಚಂದ ಉಂಟು. ಎಲ್ಲ ಒಂದೇ ನಮೂನೆ. ಸೀರೆಯ ಅಂಚಿಗೆ ಅಚ್ಚು ಒತ್ತಿದ ಹಾಗೆ."

ಹಿಂದೆಯೇ ಬರುತ್ತಿದ್ದ ಅಣ್ಣ ನಿಂತುಬಿಟ್ಟ. "ಎಂತ? ಒಂದೇ ನಮೂನೆಯಾ? ದಿನಾ ಒರೆಸುವವನು ನಾನು. ಒಂದರ ಹಾಗೆ ಇನ್ನೊಂದು ಇಲ್ಲ!"

"ನನ್ನ ಕಣ್ಣಿಗೆ ಒಂದೇ."

"ನಿಮ್ಮ ಕಣ್ಣನ್ನು ಮಣಿಪಾಲದ ಡಾಕ್ಟರಿಗೆ ತೋರಿಸಿ."

"ಟೀಚರ್, ನೀವು ಹೇಳಿ."

"ನಾನು ಕಂಬ ನೋಡ್ತಾ ಇದ್ದೆ" ಎಂದು ಟೀಚರ್ ಜಾರಿಕೊಂಡರು. ವಾರಿಜಾ ಮೊಣಕಾಲು ಒತ್ತಿಕೊಳ್ಳುವುದರಲ್ಲಿದ್ದಳು.

"ಝೈನಬಳನ್ನು ಕೇಳಿ!" ಅಣ್ಣನ ದನಿ ಏರಿತು. "ಅವಳು ಇಷ್ಟಿರುವಾಗಲೇ ಎಲ್ಲ ಹೇಳಿದ್ದೇನೆ."

"ಹೇಳಿದ್ದು ನೀವು. ಅವರು ಕಂಡಿದ್ದಾರಾ? ಕಾಣದವರು ಎಲ್ಲಿಯಾದರೂ ಸಾಕ್ಷಿ ಹೇಳ್ತಾರಾ ಬ್ಯಾರಿಗಳೇ?" ಎಂದಳು ಚಂಪಾ.

ಅಣ್ಣ ನನ್ನನ್ನು ನೋಡಿದ. ಬೀದಿಯನ್ನು ನೋಡಿದ. ಅಂಗಡಿಗಳ ಬಾಗಿಲು ಅರ್ಧ ಮುಚ್ಚಿತ್ತು, ನಾಯಿಯೂ ಮಲಗಿತ್ತು.

"ಬಾ" ಎಂದ. "ತಲೆಯ ಸೆರಗು ಸರಿ ಮಾಡಿಕೋ. ನೋಡಬೇಕು, ಹೇಳಬೇಕು, ಹೊರಗೆ ಬರಬೇಕು. ಅಷ್ಟೇ."

ಒಳಗೆ ಕಾಲಿಗೆ ತಂಪು ತಾಗಿತು. ಮರಕ್ಕೆ ಹಚ್ಚಿದ ಎಣ್ಣೆಯ ವಾಸನೆ, ಅತ್ತರಿನ ವಾಸನೆ. ಮಿಂಬರ್ ನಾನು ಎಣಿಸಿದ್ದಕ್ಕಿಂತ ಸಣ್ಣದು, ಮುಟ್ಟಿ ಮುಟ್ಟಿ ಕಪ್ಪಾಗಿತ್ತು. ಬಗ್ಗಿ ನೋಡಿದೆ. ಕೆಳಗಿನ ಸಾಲಿನಲ್ಲೇ ಎರಡು ಹೂಗಳು ಅವಳಿಜವಳಿ!

"ಹೇಳು, ಬೇರೆ ಬೇರೆ ಅಲ್ವಾ?"

"ನೋಡ್ತಾ ಇದ್ದೇನೆ."

ಹೇಳಿದರೆ ಕೆಲಸ ಮುಗಿಯಿತು, ಹೊರಗೆ ಹೋಗಬೇಕು. ಮುಂದಿನ ಹೂವಿಗೆ ಹೋದೆ. ಒಂದಕ್ಕೆ ಎಸಳು ಹಿಂದಕ್ಕೆ ಮಡಚಿತ್ತು. ಒಂದು ಇನ್ನೂ ಮೊಗ್ಗು. ಒಂದರಲ್ಲಿ ಉಳಿ ಜಾರಿದ ಗೆರೆಯನ್ನು ಆಚಾರಿ ಹಾಗೆಯೇ ಎಲೆ ಮಾಡಿಬಿಟ್ಟಿದ್ದ. ಬೆರಳಿನಿಂದ ಸವರಿದೆ. ಅಣ್ಣನಿಗೂ ಅವಸರ ಮರೆತುಹೋಯಿತು. ನೆಲಕ್ಕೆ ಮೊಣಕಾಲೂರಿ, "ಇದು ನೋಡು, ಯಾರಿಗೂ ಕಾಣದ ಮೂಲೆಯಲ್ಲಿ ಎಷ್ಟು ಪುಟ್ಟದು ಇಟ್ಟಿದ್ದಾನೆ. ಇದು ನನಗೂ ಸಿಕ್ಕಿದ್ದು ಮೊನ್ನೆ" ಎಂದ. ನಾವಿಬ್ಬರೂ ನೆಲದ ಮೇಲೆ ಕುಳಿತು ತಲೆ ಓರೆ ಮಾಡಿ ಅದನ್ನೇ ನೋಡಿದೆವು.

"ತೀರ್ಪು ಆಯಿತಾ?" ಹೊರಗಿನಿಂದ ಚಂಪಾ ಕೂಗಿದಳು.

ಅಣ್ಣ ಗಡಿಯಾರ ನೋಡಿ ಹಾರಿ ಎದ್ದ. "ಅಲ್ಲಾಹ್! ಅಸರ್ ನಮಾಜಿನ ಬಾಂಗಿಗೆ ಹೊತ್ತಾಯಿತು, ಜನ ಬರ್ತಾರೆ. ಬೇಗ ಹೇಳು. ಯಾರು ಸರಿ?"

"ಈ ಬದಿ ಮಾತ್ರ ಆಯಿತು ಅಣ್ಣ. ಆ ಬದಿ ನೋಡದೆ ಸಾಕ್ಷಿ ಹೇಳುವುದು ಹೇಗೆ?"

ಅವನು ನನ್ನ ಮುಖವನ್ನೇ ದಿಟ್ಟಿಸಿದ. ಅವನಿಗೆ ಅರ್ಥವಾಯಿತು. ನಗು ತಡೆಯಲು ಗಡ್ಡವನ್ನು ಹಿಡಿದುಕೊಂಡ.

"ಬುಧವಾರ ಮಧ್ಯಾಹ್ನ ಊಟದ ಹೊತ್ತಿಗೆ ಬಾ. ಯಾರೂ ಇರುವುದಿಲ್ಲ" ಎಂದ. "ಆ ಚಂಪಾಳನ್ನು ಮಾತ್ರ ತರಬೇಡ."