ಅಕ್ಕನಿಗೆ ಬಂದ ದನಿ

ಲಕ್ವ ಹೊಡೆದು ಅಕ್ಕನ ಮಾತೂ ಕೈಕಾಲೂ ಬಿದ್ದುಹೋದ ಮೇಲೆ ಒಂಬತ್ತು ವರ್ಷ ತಂಗಿಯೇ ಅವಳ ಬಾಯಿಯಾಗಿದ್ದಳು. ಒಮ್ಮೆ ರೆಪ್ಪೆ ಬಡಿದರೆ ಹೌದು, ಎರಡು ಸಲ ಬಡಿದರೆ ಬೇಡ; ಮಿಕ್ಕಿದ್ದನ್ನೆಲ್ಲ ತಂಗಿ ಮುಖ ನೋಡಿಯೇ ಹೇಳುತ್ತಿದ್ದಳು. ಡಾಕ್ಟರು ಕೂಡ ಅಕ್ಕನನ್ನು ಬಿಟ್ಟು ಇವಳನ್ನೇ "ಏನಂತಾರೆ?" ಎಂದು ಕೇಳುತ್ತಿದ್ದರು. ಆಗೆಲ್ಲ ಇವಳ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಅಂಥ ಮನೆಗೆ ಒಂದು ದಿನ ಪಕ್ಕದ ಬೀದಿಯ ರೇಡಿಯೊ ರಿಪೇರಿಯವಳು ಬಂದಳು. "ಮಾತಾಡೋಕೆ ದುಬಾರಿ ಮೆಷೀನ್ ಯಾಕ್ರೀ, ಇದೇ ಸಾಕು," ಎನ್ನುತ್ತ ಹಳೆಯ ಕಾಲಿಂಗ್ ಬೆಲ್ಲಿನ ವೈರ್‌ಲೆಸ್ ಸ್ವಿಚ್ಚನ್ನು ತಲೆಪಟ್ಟಿಗೆ ಹೊಲಿದು, ಅಕ್ಕನ ಕೆನ್ನೆಗೆ ತಾಗುವಂತೆ ಕೂರಿಸಿ, ಅದನ್ನು ಒಂದು ಮೊಬೈಲಿಗೆ ಜೋಡಿಸಿದಳು. ಮೊಬೈಲಿನಲ್ಲಿ ಅಕ್ಷರಗಳು ಒಂದೊಂದಾಗಿ ಬೆಳಗುತ್ತವೆ. ಬೇಕಾದದ್ದು ಬಂದಾಗ ಕೆನ್ನೆ ಉಬ್ಬಿಸಿದರೆ ಆಯಿತು, ಮಾತು ಜೋಡಿಸಿ ಮೊಬೈಲೇ ಓದಿಹೇಳುತ್ತದೆ.

ಅರ್ಧ ಗಂಟೆ ಒದ್ದಾಡಿ ಅಕ್ಕ ಮೊದಲ ಮಾತಾಡಿದಳು, ಅದೂ ರಿಪೇರಿಯವಳ ಜೊತೆ: "ನಿಮ್ಮ ಅಂಗಿ ಉಲ್ಟಾ."

ರಿಪೇರಿಯವಳು ತನ್ನ ಅಂಗಿ ನೋಡಿಕೊಂಡು ಬಿದ್ದು ಬಿದ್ದು ನಕ್ಕಳು. ಅಕ್ಕನ ಕಣ್ಣಲ್ಲೂ ನೀರು ಬರುವಷ್ಟು ನಗು. ತಂಗಿಗೆ ಮಾತ್ರ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಇಷ್ಟು ವರ್ಷದಲ್ಲಿ ಅಕ್ಕ ತನ್ನೊಂದಿಗೆ ಒಂದಾದರೂ ತಮಾಷೆ ಮಾಡಿದ್ದಳೆ?

ನೆರೆಹೊರೆಯವರು ಇವಳನ್ನು ದಾಟಿಕೊಂಡು ನೇರ ಅಕ್ಕನ ಹತ್ತಿರವೇ ಹೋಗತೊಡಗಿದರು. ವಾರವೊಪ್ಪತ್ತು ಹಲ್ಲು ಕಚ್ಚಿಕೊಂಡಿದ್ದ ತಂಗಿ, ಒಂದು ಬೆಳಿಗ್ಗೆ ಅಕ್ಕನ ಮುಖ ಒರೆಸುವಾಗ ಸ್ವಿಚ್ಚಿನ ಸೆಲ್ಲು ತೆಗೆದು ಜೇಬಿಗಿಳಿಸಿದಳು.

"ಕೆಟ್ಟೋಯ್ತು ಅನ್ಸುತ್ತೆ ಅಕ್ಕ. ಇರ್ಲಿ ಬಿಡು, ನಾನಿದೀನಲ್ಲ."

ಅಕ್ಕ ಇವಳನ್ನೇ ದಿಟ್ಟಿಸಿ ನೋಡಿ ಕಣ್ಣು ಮುಚ್ಚಿಕೊಂಡಳು. ನೀರು ಬೇಕಾ ಎಂದರೂ ಕಣ್ಣು ಬಿಡಲಿಲ್ಲ, ಕಿಟಕಿ ತೆಗೀಲಾ ಎಂದರೂ ಬಿಡಲಿಲ್ಲ. ಸಂಜೆಯ ಹೊತ್ತಿಗೆ ತಂಗಿ ಸೋತಳು. ಸೆಲ್ಲು ಹಾಕಿ, ಎಂದಿನಂತೆ ಹಾಲಿನ ಲೋಟ ಹಿಡಿದು ಕೂತು, "ನಾನೇ ತೆಗ್ದಿದ್ದೆ. ಹೊಟ್ಟೆಕಿಚ್ಚು ಕಣೇ. ಬೈದ್ಬಿಡು," ಎಂದಳು.

ಅಕ್ಷರಗಳು ತೆವಳಿದವು. "ಬೈಯೋಕೆ ಗಂಟೆಗಟ್ಟಲೆ ಬೇಕು," ಎಂದಿತು ಮೊಬೈಲು. ಸ್ವಲ್ಪ ತಡೆದು, "ನಂಗೆ ಹಾಲು ಸೇರಲ್ಲ."

ತಂಗಿ ಕೈಯಲ್ಲಿದ್ದ ಲೋಟ ನೋಡಿದಳು. ಒಂಬತ್ತು ವರ್ಷದಿಂದ ದಿನಾ ಸಂಜೆ ಕುಡಿಸಿದ ಹಾಲು. "ಬೇಡ ಅನ್ಬಾರ್ದಿತ್ತಾ?"

"ನೀನು ಕೇಳ್ಲೇ ಇಲ್ಲ."

ತಂಗಿ ಆ ಹಾಲನ್ನು ತಾನೇ ಕುಡಿದಳು. ಮರುದಿನ ರಿಪೇರಿಯವಳು ಬಂದಾಗ ಅವಳೂ ಅಕ್ಕನೂ ಮತ್ತೆ ಹರಟೆಗಿಳಿದರು. ತಂಗಿಯ ಉರಿ ಪೂರ್ತಿ ಆರಿರಲಿಲ್ಲ. ಆದರೂ ಕುರ್ಚಿ ಎಳೆದುಕೊಂಡು ಅಲ್ಲೇ ಕೂತು, ಅಕ್ಕನ ಮುಂದಿನ ಮಾತಿಗೆ ಕಾದಳು.